ಚೈನ್ ಮಿಷನ್ ಗದ್ದೆಯಲ್ಲಿ ನಿಂತರೆ: ಟ್ರ್ಯಾಕ್ ಮತ್ತು ಡ್ರೈವ್ ತೊಂದರೆ ಹುಡುಕುವುದು ಹೇಗೆ

ನಮ್ಮ ದಾವಣಗೆರೆ, ಹರಿಹರ, ಮಲೇಬೆನ್ನೂರು, ಹೊನ್ನಾಳಿ ಕಡೆ ಭದ್ರಾ ನಾಲೆ ನೀರಿನ ಗದ್ದೆಗಳಲ್ಲಿ ಭತ್ತ ಕೊಯ್ಯುವ ಟೈರ್ ಮಿಷನ್ ಎಲ್ಲಾ ಕಡೆ ಇಳಿಯುವುದಿಲ್ಲ. ಎರೆ ಮಣ್ಣು ಮೇಲೆ ಒಣಗಿದ ಹಾಗೆ ಕಂಡರೂ ಒಂದು ಗೇಣು ಕೆಳಗೆ ಕೆಸರು ಹಾಗೇ ಇರುತ್ತದೆ. ಅದಕ್ಕೇ ರಬ್ಬರ್ ಟ್ರ್ಯಾಕ್, ಅಂದರೆ ಟೈರ್ ಬದಲು ಸುತ್ತುವ ಅಗಲವಾದ ಪಟ್ಟಿ, ಇರುವ ಚೈನ್ ಮಿಷನ್ ಬೇಕು. ಬೇಸಿಗೆ ಬೆಳೆ ಕೊಯ್ಲಿಗೆ ಬರುವುದು ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ. ಗುಡುಗು ಮಳೆ ಶುರುವಾಗುವುದೂ ಆಗಲೇ. ಒಂದು ಸಂಜೆಯ ಗಾಳಿ ಮಳೆಗೆ ಪೈರು ನೆಲಕ್ಕೆ ಒರಗುತ್ತದೆ, ಆಮೇಲೆ ಪ್ರತಿ ಗಂಟೆಗೂ ಬೆಲೆ ಇದೆ. ಅಂಥ ಹೊತ್ತಲ್ಲಿ ಮಿಷನ್ ನಿಂತರೆ ನಷ್ಟ ಓನರ್‌ಗೆ ಮಾತ್ರ ಅಲ್ಲ, ಸರದಿಯಲ್ಲಿ ಕಾಯುತ್ತಿರುವ ರೈತರಿಗೂ.

ಇಲ್ಲಿ ಬರೆದಿರುವುದು ಮಿಷನ್ ಓಡಾಡುವ ಭಾಗದ ಬಗ್ಗೆ ಮಾತ್ರ. ಕಟರ್ ಬಾರ್, ಡ್ರಮ್, ಜರಡಿ ವಿಷಯ ಬೇರೆ. ಡ್ರೈವರ್‌ಗಳು, ಸ್ವಂತ ಮಿಷನ್ ಇಟ್ಟುಕೊಂಡವರು ಮತ್ತು ಜೊತೆಗಿರುವ ಹೆಲ್ಪರ್ ಹುಡುಗರು ಮೆಕ್ಯಾನಿಕ್ ಬರುವ ಮುಂಚೆ ಏನು ನೋಡಬಹುದು ಅನ್ನುವುದಷ್ಟೇ. ತುಂಬಾ ಸಲ ಗೇರ್‌ಬಾಕ್ಸ್ ಹೋಯಿತು, ಪಂಪ್ ಹೋಯಿತು ಅಂತ ಹೆದರಿ ಬಿಚ್ಚಿಸಿದ ಮೇಲೆ ನೋಡಿದರೆ ಕಾರಣ ಬರೀ ಹುಲ್ಲು, ಮಣ್ಣು ಅಥವಾ ಸಡಿಲವಾದ ಒಂದು ಬೆಲ್ಟ್ ಆಗಿರುತ್ತದೆ. ಬಿಚ್ಚುವ ಮುಂಚೆ ಹುಡುಕಬೇಕು.

ಶಕ್ತಿ ಹೋಗುವ ದಾರಿ

ಎಂಜಿನ್‌ನಿಂದ ಒಂದು ಬೆಲ್ಟ್ ಎಚ್‌ಎಸ್‌ಟಿಗೆ ಹೋಗುತ್ತದೆ. ಎಚ್‌ಎಸ್‌ಟಿ ಅಂದರೆ ಎಣ್ಣೆಯ ಒತ್ತಡದಿಂದ ಓಡುವ ಪಂಪ್ ಮತ್ತು ಮೋಟಾರ್. ನೀವು ಲಿವರ್ ಮುಂದೆ ತಳ್ಳಿದಷ್ಟೂ ವೇಗ, ಹಿಂದೆ ಎಳೆದರೆ ರಿವರ್ಸ್. ಅಲ್ಲಿಂದ ಗೇರ್‌ಬಾಕ್ಸ್. ಗೇರ್‌ಬಾಕ್ಸ್‌ನಲ್ಲಿ ಶಕ್ತಿ ಎಡಕ್ಕೂ ಬಲಕ್ಕೂ ಎರಡಾಗಿ ಒಡೆಯುತ್ತದೆ. ನಮ್ಮ ಕಡೆ ಓಡುವ ಹೆಚ್ಚಿನ ಮಾಡೆಲ್‌ಗಳಲ್ಲಿ ಎರಡೂ ಬದಿಗೆ ಒಂದೊಂದು ಸೈಡ್ ಕ್ಲಚ್, ಒಂದೊಂದು ಬ್ರೇಕ್ ಇರುತ್ತದೆ. ತಿರುಗಿಸುವ ಲಿವರ್ ಸ್ವಲ್ಪ ಎಳೆದರೆ ಆ ಬದಿಯ ಕ್ಲಚ್ ಬಿಡುತ್ತದೆ, ಪೂರ್ತಿ ಎಳೆದರೆ ಬ್ರೇಕ್ ಹಿಡಿಯುತ್ತದೆ. ಕೊನೆಗೆ ಮುಂದಿರುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ತಿರುಗಿ ಟ್ರ್ಯಾಕ್ ಎಳೆಯುತ್ತದೆ. ಕೆಳಗಿನ ರೋಲರ್‌ಗಳು ಭಾರ ಹೊರುತ್ತವೆ. ಹಿಂದಿನ ಚಕ್ರ, ಅಂದರೆ ಐಡ್ಲರ್, ಟ್ರ್ಯಾಕನ್ನು ಬಿಗಿ ಹಿಡಿಯುತ್ತದೆ.

ಈ ದಾರಿ ತಲೆಯಲ್ಲಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಯಾಕೆ ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ತೊಂದರೆ ಒಂದೇ ಬದಿಯದಾ, ಎರಡೂ ಬದಿಯದಾ? ಎರಡೂ ಟ್ರ್ಯಾಕ್ ಒಟ್ಟಿಗೆ ಸೋತರೆ ಕಾರಣ ಗೇರ್‌ಬಾಕ್ಸ್‌ನಲ್ಲಿ ಶಕ್ತಿ ಎರಡಾಗಿ ಒಡೆಯುವ ಜಾಗಕ್ಕಿಂತ ಮುಂಚೆ ಇದೆ. ಅಂದರೆ ಎಂಜಿನ್, ಬೆಲ್ಟ್, ಎಚ್‌ಎಸ್‌ಟಿ, ಅದರ ಲಿವರ್ ಜೋಡಣೆ. ಒಂದೇ ಬದಿ ಸೋತರೆ ಎಚ್‌ಎಸ್‌ಟಿ ಮುಟ್ಟಲೇಬೇಡಿ, ಅದು ಎರಡೂ ಬದಿಗೆ ಒಂದೇ. ಆಗ ನೋಡಬೇಕಾದ್ದು ಆ ಬದಿಯ ಸೈಡ್ ಕ್ಲಚ್, ಬ್ರೇಕ್, ಸ್ಪ್ರಾಕೆಟ್, ರೋಲರ್, ಟ್ರ್ಯಾಕ್.

ಎರಡನೇ ಪ್ರಶ್ನೆ, ಎಂಜಿನ್ ಏನು ಮಾಡುತ್ತಿದೆ? ಮಿಷನ್ ಮುಂದೆ ಹೋಗದೆ ಎಂಜಿನ್ ದಮ್ಮು ಕಟ್ಟಿ ಹೊಗೆ ಬಿಡುತ್ತಿದ್ದರೆ ಕೆಳಗೆ ಏನೋ ಬಿಗಿ ಹಿಡಿದಿದೆ, ಇಲ್ಲವೇ ಎಂಜಿನ್‌ಗೇ ಶಕ್ತಿ ಸಾಲುತ್ತಿಲ್ಲ. ಎಂಜಿನ್ ಆರಾಮಾಗಿ ಕೂಗುತ್ತಿದ್ದು ಮಿಷನ್ ಮಾತ್ರ ನಿಂತಿದ್ದರೆ ನಡುವೆ ಎಲ್ಲೋ ಜಾರುತ್ತಿದೆ. ಮೂರನೆಯದು, ಬೆಳಿಗ್ಗೆಯಿಂದಲೇ ಹೀಗಾ, ಅಥವಾ ಬಿಸಿಲೇರಿ ಮಿಷನ್ ಕಾದ ಮೇಲೆ ಹೀಗಾ? ಈ ಮೂರಕ್ಕೂ ಉತ್ತರ ಸಿಕ್ಕರೆ ಪಾನಾ ಹಿಡಿಯುವ ಮುಂಚೆಯೇ ಹುಡುಕುವ ಜಾಗ ತುಂಬಾ ಚಿಕ್ಕದಾಗುತ್ತದೆ.

ಕೈ ಹಾಕುವ ಮುಂಚೆ

ಎಂಜಿನ್ ಆಫ್ ಮಾಡಿ, ಕೀ ತೆಗೆದು ಕೆಲಸ ಮಾಡುವವರ ಜೇಬಿಗೇ ಹಾಕಿಕೊಳ್ಳಿ. ಹೆಲ್ಪರ್ ಸ್ಪ್ರಾಕೆಟ್‌ನಿಂದ ಹುಲ್ಲು ಕೀಳುತ್ತಿರುವಾಗ ಮೇಲೆ ಕೂತವರು ಸ್ಟಾರ್ಟ್ ಮಾಡಿದರೆ ಬೆರಳಲ್ಲ, ಕೈಯೇ ಹೋಗುತ್ತದೆ. ಪೈರು ಕತ್ತರಿಸುವ ಮುಂದಿನ ಭಾಗ, ಅಂದರೆ ಹೆಡರ್, ಮರದ ದಿಮ್ಮಿ ಮೇಲೆ ಇಳಿಸಿ, ಅಥವಾ ಸಿಲಿಂಡರ್ ಲಾಕ್ ಹಾಕಿ. ಜಾಕ್ ಕೊಟ್ಟು ಎತ್ತುವುದಾದರೆ ಮೊದಲು ಟ್ಯಾಂಕಿನ ಭತ್ತ ಖಾಲಿ ಮಾಡಿ. ಗಟ್ಟಿ ನೆಲಕ್ಕೆ ಬಂದು, ಜಾಕ್ ಅಡಿಗೆ ದಪ್ಪ ಹಲಗೆ ಇಟ್ಟು, ಎತ್ತಿದ ಮೇಲೆ ಚಾಸಿ ಅಡಿಗೆ ದಿಮ್ಮಿ ಕೊಡಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಇದರಲ್ಲಿ ರಾಜಿ ಬೇಡ, ಎಷ್ಟೇ ಅರ್ಜೆಂಟ್ ಇದ್ದರೂ.

ಟ್ರ್ಯಾಕ್ ಕಳಚಿಕೊಳ್ಳುತ್ತದೆ

ಸೀಸನ್‌ನಲ್ಲಿ ಜಾಸ್ತಿ ಕೇಳುವ ದೂರು ಇದೇ. ಕಾರಣಗಳಲ್ಲಿ ಮೊದಲನೆಯದು ಟ್ರ್ಯಾಕ್ ಸಡಿಲ ಇರುವುದು. ಆದರೆ ಸಡಿಲ ಇದೆ ಅಂತ ಕೂಡಲೇ ಬಿಗಿ ಮಾಡಲು ಹೋಗಬೇಡಿ. ಟ್ರ್ಯಾಕ್ ಒಳಗೆ, ರೋಲರ್ ನಡುವೆ, ಐಡ್ಲರ್ ಸುತ್ತ ಎರೆ ಮಣ್ಣು ತುಂಬಿಕೊಂಡಿದ್ದರೆ ಅಳತೆಯೇ ತಪ್ಪಾಗುತ್ತದೆ. ಮೊದಲು ಮಣ್ಣು, ಹುಲ್ಲು ಎಲ್ಲಾ ತೆಗೆಯಿರಿ. ಆ ಬದಿ ಎತ್ತಿ ಟ್ರ್ಯಾಕ್ ತೂಗಾಡಲು ಬಿಡಿ. ಕೆಳಗಿನ ರೋಲರ್‌ಗೂ ಟ್ರ್ಯಾಕಿನ ಒಳಮೈಗೂ ನಡುವೆ ಎಷ್ಟು ಸಂದು ಇದೆ ಅಂತ ಸ್ಕೇಲ್ ಹಿಡಿದು ನೋಡಿ. ಎಷ್ಟಿರಬೇಕು ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಮಿಷನ್ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಆ ಸಂಖ್ಯೆಯನ್ನು ಸೀಟಿನ ಪಕ್ಕ ಪೇಂಟಿನಲ್ಲಿ ಬರೆದಿಡಿ, ಡ್ರೈವರ್ ಬದಲಾದರೂ ಅಳತೆ ಬದಲಾಗುವುದಿಲ್ಲ. ಎಡಕ್ಕೂ ಬಲಕ್ಕೂ ಒಂದೇ ಅಳತೆ ಇರಬೇಕು.

ಹಿಂದಿನ ಐಡ್ಲರ್ ಬಳಿ ಇರುವ ಟೆನ್ಷನ್ ಬೋಲ್ಟಿನ ಲಾಕ್ ನಟ್ ಸಡಿಲಿಸಿ, ಬೋಲ್ಟ್ ತಿರುಗಿಸಿ ಬಿಗಿ ಮಾಡಿ, ಲಾಕ್ ನಟ್ ಮತ್ತೆ ಗಟ್ಟಿ ಮಾಡಿ. ಲಾಕ್ ನಟ್ ಮರೆತರೆ ಎರಡು ದಿನಕ್ಕೆ ಮತ್ತೆ ಸಡಿಲ. ಇನ್ನೊಂದು ಮಾತು: ಕಳಚುತ್ತದೆ ಅನ್ನುವ ಭಯಕ್ಕೆ ತಂತಿ ಹಾಗೆ ಬಿಗಿ ಮಾಡುವವರು ತುಂಬಾ ಜನ ಇದ್ದಾರೆ. ಅದು ತಪ್ಪು. ಕೆಸರಿಗೆ ಇಳಿದಾಗ ಮಣ್ಣು ತುಂಬಿ ಟ್ರ್ಯಾಕ್ ತಾನಾಗೇ ಇನ್ನೂ ಬಿಗಿಯಾಗುತ್ತದೆ. ಆಗ ಐಡ್ಲರ್ ಬೇರಿಂಗ್, ರೋಲರ್ ಬೇರಿಂಗ್, ಟ್ರ್ಯಾಕ್ ಒಳಗಿನ ಸ್ಟೀಲ್ ತಂತಿ ಎಲ್ಲದಕ್ಕೂ ಪೆಟ್ಟು, ಡೀಸೆಲ್ ಕೂಡ ಜಾಸ್ತಿ. ಹೊಸ ಟ್ರ್ಯಾಕ್ ಹಾಕಿದ ಮೇಲೆ ಶುರುವಿನಲ್ಲಿ ಸ್ವಲ್ಪ ಸಡಿಲಾಗುತ್ತದೆ, ಹಾಗಾಗಿ ಮೊದಲ ಕೆಲವು ದಿನ ದಿನಾ ಸಂಜೆ ನೋಡುವುದು ಒಳ್ಳೆಯದು.

ಬಿಗಿ ಸರಿ ಇದ್ದೂ ಕಳಚುತ್ತಿದ್ದರೆ ಟ್ರ್ಯಾಕಿನ ಒಳಗಡೆ ನೋಡಿ. ಮಧ್ಯದಲ್ಲಿ ಸಾಲಾಗಿ ಎದ್ದು ನಿಂತ ಗೈಡ್ ಹಲ್ಲುಗಳಿವೆ ಅಲ್ವಾ, ರೋಲರ್‌ಗಳು ಅವುಗಳ ಅಕ್ಕಪಕ್ಕ ಓಡುತ್ತವೆ. ಆ ಹಲ್ಲು ಸವೆದು ಗಿಡ್ಡವಾಗಿದ್ದರೆ ಅಥವಾ ಒಂದೇ ಪಕ್ಕ ತೇಯ್ದಿದ್ದರೆ ಟ್ರ್ಯಾಕ್‌ಗೆ ಹಿಡಿತ ಇರುವುದಿಲ್ಲ. ಒಂದೇ ಪಕ್ಕ ತೇಯುವುದು ಐಡ್ಲರ್ ವಾಲಿದೆ ಅನ್ನುವುದಕ್ಕೆ ಗುರುತು. ಅದರ ಶಾಫ್ಟ್ ಬಾಗಿರಬಹುದು, ಬೇರಿಂಗ್ ಹೋಗಿರಬಹುದು. ಹೊಸ ಟ್ರ್ಯಾಕ್ ಹಾಕಿದರೂ ಐಡ್ಲರ್ ಸರಿ ಮಾಡದಿದ್ದರೆ ಅದೂ ಹಾಗೇ ತೇಯುತ್ತದೆ.

ಇನ್ನು ಓಡಿಸುವ ರೀತಿ. ಬದು ದಾಟುವಾಗ ನೇರವಾಗಿ, ನಿಧಾನಕ್ಕೆ ಹತ್ತಿ ಇಳಿಯಬೇಕು. ಬದುವಿನ ನೆತ್ತಿ ಮೇಲೆ ಮಿಷನ್ ಇರುವಾಗ ಟ್ರ್ಯಾಕಿನ ಅರ್ಧ ಭಾಗ ಗಾಳಿಯಲ್ಲಿ ಇರುತ್ತದೆ, ಆಗ ಲಿವರ್ ಎಳೆದು ತಿರುಗಿಸಿದರೆ ಟ್ರ್ಯಾಕ್ ಪಕ್ಕಕ್ಕೆ ಜಾರಿ ಕಳಚುತ್ತದೆ. ಕೆಸರಿನಲ್ಲಿ ನಿಂತಲ್ಲೇ ಗಿರಕಿ ಹೊಡೆಸುವುದೂ ಬೇಡ. ಮೂಲೆಯಲ್ಲಿ ಹಿಂದೆ ಮುಂದೆ ಮಾಡಿ ಎರಡು ಮೂರು ಸಲಕ್ಕೆ ತಿರುಗಿಸಿ. ಹೊತ್ತು ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವ ರೈತರು ಗೊಣಗಬಹುದು. ಅವರಿಗೆ ಕಾರಣ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ.

ಕಳಚಿದ್ದನ್ನು ಮತ್ತೆ ಹಾಕುವುದು

ಪೂರ್ತಿ ಕಳಚುವ ಮುಂಚೆ, ಅಂಚು ಏರಿದ್ದು ಕಂಡ ಕೂಡಲೇ ನಿಲ್ಲಿಸಿ. ಹಾಗೇ ಎಳೆದುಕೊಂಡು ಬದುವಿನ ತನಕ ಹೋದರೆ ಒಳಗಿನ ತಂತಿ ತುಂಡಾಗುತ್ತದೆ. ಟೆನ್ಷನ್ ಬೋಲ್ಟ್ ಪೂರ್ತಿ ಸಡಿಲಿಸಿ ಐಡ್ಲರನ್ನು ಒಳಗೆ ತಳ್ಳಿ. ಟ್ರ್ಯಾಕನ್ನು ಮೊದಲು ಸ್ಪ್ರಾಕೆಟ್ ಹಲ್ಲಿಗೆ ಕೂರಿಸಿ, ಆಮೇಲೆ ಮೇಲಿನ ರೋಲರ್, ಕೊನೆಗೆ ಹಾರೆ ಕೊಟ್ಟು ಐಡ್ಲರ್ ಮೇಲೆ ಏರಿಸಿ. ಗೈಡ್ ಹಲ್ಲು ಎಲ್ಲಾ ರೋಲರ್ ಜಾಗದಲ್ಲಿ ಸರಿಯಾಗಿ ಕೂತಿದೆಯಾ ಅಂತ ಕಣ್ಣಿಂದ ನೋಡಿದ ಮೇಲೇ ಬಿಗಿ ಮಾಡಿ. ಮಿಷನ್ ಇಳಿಸಿ, ನಿಧಾನ ಗೇರಿನಲ್ಲಿ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಓಡಿಸಿ ಮತ್ತೆ ಅಳತೆ ನೋಡಿ. ಎಂಜಿನ್ ಓಡುತ್ತಿರುವಾಗ ಹಾರೆ ಹಿಡಿದು ಟ್ರ್ಯಾಕ್ ಏರಿಸುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬಿಡಿ.

ಟಕ್ ಟಕ್ ಸದ್ದು

ಸದ್ದು ಎಲ್ಲಿಂದ ಅಂತ ಕಿವಿಯಿಂದ ಹೇಳುವುದು ಕಷ್ಟ. ಆದರೆ ಲೆಕ್ಕದಿಂದ ಹೇಳಬಹುದು. ಟ್ರ್ಯಾಕ್ ಮೇಲೆ ಅಚ್ಚಾಗಿರುವ ನಂಬರ್ ನೋಡಿ. 450×90×51 ಅಂತ ಇದ್ದರೆ ಅಗಲ 450 ಮಿಲಿಮೀಟರ್, ಒಂದು ಹೆಜ್ಜೆ (ಒಂದು ಅಡ್ಡಪಟ್ಟಿಯಿಂದ ಮುಂದಿನದಕ್ಕೆ ಇರುವ ದೂರ) 90 ಮಿಲಿಮೀಟರ್, ಅಂಥ ಹೆಜ್ಜೆ 51. ಗುಣಿಸಿದರೆ ಟ್ರ್ಯಾಕಿನ ಒಂದು ಸುತ್ತು 4,590 ಮಿಲಿಮೀಟರ್, ಸುಮಾರು ನಾಲ್ಕೂವರೆ ಮೀಟರ್. ಸ್ಪ್ರಾಕೆಟ್‌ಗೆ 8 ಹಲ್ಲು ಇದ್ದರೆ ಅದರ ಒಂದು ಸುತ್ತಿಗೆ ಮಿಷನ್ 720 ಮಿಲಿಮೀಟರ್ ಹೋಗುತ್ತದೆ. ಈಗ ಟ್ರ್ಯಾಕಿನ ಹೊರಗೆ ಸುಣ್ಣದಲ್ಲಿ ಒಂದು ಗುರುತು ಹಾಕಿ, ಗಟ್ಟಿ ನೆಲದಲ್ಲಿ ನಿಧಾನಕ್ಕೆ ಓಡಿಸಿ, ಒಬ್ಬರು ದೂರದಲ್ಲೇ ಪಕ್ಕಕ್ಕೆ ನಡೆಯುತ್ತಾ ಕೇಳಲಿ.

ನಾಲ್ಕೂವರೆ ಮೀಟರ್‌ಗೆ ಒಂದು ಸಲ ಟಕ್ ಅಂದರೆ ತೊಂದರೆ ಟ್ರ್ಯಾಕಿನ ಒಂದೇ ಜಾಗದಲ್ಲಿದೆ. ಒಳಗಿನ ಕಬ್ಬಿಣದ ಅಡ್ಡಪಟ್ಟಿ ಮುರಿದಿರಬಹುದು, ಬಾಗಿರಬಹುದು, ಕಿತ್ತು ಬಂದಿರಬಹುದು. ಗುರುತು ಎಲ್ಲಿ ಬಂದಾಗ ಸದ್ದು ಅಂತ ನೋಡಿಕೊಂಡರೆ ಆ ಪಟ್ಟಿ ಕೈಗೇ ಸಿಗುತ್ತದೆ. ಮುಕ್ಕಾಲು ಮೀಟರ್‌ಗೆ ಒಂದು ಸಲ ಅಂದರೆ ಸ್ಪ್ರಾಕೆಟ್‌ನ ಒಂದು ಹಲ್ಲು, ಅಥವಾ ಆ ಹಲ್ಲಿನ ಸಂದಿಗೆ ಸಿಕ್ಕ ಕಲ್ಲು. ಬಿಡದೆ ಒಂದೇ ಸಮ ಕಟಕಟ ಅಂದರೆ ಹಲ್ಲು ಎಲ್ಲಾ ಸವೆದು ಟ್ರ್ಯಾಕಿನ ಹೆಜ್ಜೆಗೆ ಹೊಂದುತ್ತಿಲ್ಲ, ಇಲ್ಲವೇ ಟ್ರ್ಯಾಕ್ ಸಡಿಲವಾಗಿ ಹಲ್ಲು ಹಾರುತ್ತಿದೆ. ಭಾರ ಬಿದ್ದಾಗ, ರಿವರ್ಸ್‌ನಲ್ಲಿ, ತಿರುಗುವಾಗ ಮಾತ್ರ ಸದ್ದು ಬಂದರೆ ಮೊದಲು ಬಿಗಿ ನೋಡಿ. ನಿಮ್ಮ ಟ್ರ್ಯಾಕ್, ಸ್ಪ್ರಾಕೆಟ್ ಸಂಖ್ಯೆ ಬೇರೆ ಇರಬಹುದು, ಲೆಕ್ಕ ಮಾಡುವ ರೀತಿ ಇದೇ.

ಸ್ಪ್ರಾಕೆಟ್ ಹಲ್ಲು ಕೊಕ್ಕೆ ಹಾಗೆ ಬಾಗಿ ಚೂಪಾಗಿದ್ದರೆ ಅದು ಮುಗಿದಿದೆ. ಕೆಲವು ಮಾಡೆಲ್‌ಗಳಲ್ಲಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಸವೆಯದ ಮುಖ ಬಳಸಿಕೊಳ್ಳಬಹುದು, ಮೆಕ್ಯಾನಿಕ್ ಹತ್ತಿರ ಕೇಳಿ. ಆದರೆ ಹಳೇ ಸ್ಪ್ರಾಕೆಟ್ ಮೇಲೆ ಹೊಸ ಟ್ರ್ಯಾಕ್ ಹಾಕುವುದು ನನ್ನ ಪ್ರಕಾರ ಶುದ್ಧ ದಂಡ. ಸಾವಿರ ಉಳಿಸಲು ಹೋಗಿ ಲಕ್ಷದ ಹತ್ತಿರದ ವಸ್ತು ಹಾಳು ಮಾಡಿದ ಹಾಗೆ. ಟ್ರ್ಯಾಕ್ ಬದಲಿಸುವಾಗ ಸ್ಪ್ರಾಕೆಟ್ ಕೂಡ ಬದಲಿಸಿ.

ಒಂದು ಕಡೆಗೆ ಎಳೆಯುತ್ತದೆ

ಸಮತಟ್ಟಾದ ಒಣ ಜಾಗದಲ್ಲಿ, ಲಿವರ್ ಮುಟ್ಟದೆ, ಸ್ವಲ್ಪ ದೂರ ನೇರ ಬಿಡಿ. ಆಮೇಲೆ ಅದೇ ದಾರಿಯಲ್ಲಿ ರಿವರ್ಸ್ ಬನ್ನಿ. ಎರಡೂ ಸಲ ಬಲಕ್ಕೇ ಎಳೆದರೆ ಬಲ ಬದಿ ಹಿಂದೆ ಬೀಳುತ್ತಿದೆ. ಕಾರಣ ಎರಡು ರೀತಿ. ಒಂದೋ ಆ ಬದಿ ಹಿಡಿದುಕೊಂಡಿದೆ: ಮಣ್ಣು ಗಟ್ಟಿಯಾಗಿದೆ, ರೋಲರ್ ಜಾಮ್ ಆಗಿದೆ, ಬ್ರೇಕ್ ಪೂರ್ತಿ ಬಿಡುತ್ತಿಲ್ಲ, ಟ್ರ್ಯಾಕ್ ಅತಿ ಬಿಗಿ. ಅಥವಾ ಆ ಬದಿಯ ಸೈಡ್ ಕ್ಲಚ್ ಪೂರ್ತಿ ಹಿಡಿಯುತ್ತಿಲ್ಲ.

ಹಿಡಿದುಕೊಂಡಿದ್ದನ್ನು ಶಾಖ ತೋರಿಸುತ್ತದೆ. ಒಂದು ಗಂಟೆ ಕೆಲಸ ಆದ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಅಂಗೈ ಹಿಂಭಾಗವನ್ನು ಪ್ರತಿ ರೋಲರ್, ಐಡ್ಲರ್, ಸ್ಪ್ರಾಕೆಟ್ ಹಬ್ ಹತ್ತಿರ ಹಿಡಿಯಿರಿ. ಉಳಿದವಕ್ಕಿಂತ ಒಂದು ಜಾಸ್ತಿ ಕಾದಿದ್ದರೆ ಅದರ ಬೇರಿಂಗ್ ಒಣಗಿದೆ ಅಥವಾ ಬ್ರೇಕ್ ಉಜ್ಜುತ್ತಿದೆ. ಎತ್ತಿದಾಗ ರೋಲರ್ ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ ನೋಡಿ. ಕರಕರ ಅಂದರೆ, ಆಟ ಇದ್ದರೆ ಬದಲಿಸಿ. ತಿರುಗದ ರೋಲರ್ ಮೇಲೆ ಟ್ರ್ಯಾಕ್ ಉಜ್ಜಿಕೊಂಡು ಹೋದರೆ ಎರಡೂ ಹಾಳು.

ಸೈಡ್ ಕ್ಲಚ್ ವಿಷಯದಲ್ಲಿ ಮೊದಲು ತಿರುಗಿಸುವ ಲಿವರಿನ ಆಟ ನೋಡಿ. ಎಳೆಯಲು ಶುರು ಮಾಡಿದಾಗ ಸ್ವಲ್ಪ ಖಾಲಿ ಆಟ ಇರಲೇಬೇಕು. ರಾಡ್ ಅಥವಾ ಕೇಬಲ್ ತುಂಬಾ ಬಿಗಿ ಇದ್ದರೆ ನೀವು ಮುಟ್ಟದಿದ್ದರೂ ಕ್ಲಚ್ ಅರ್ಧ ಬಿಟ್ಟೇ ಇರುತ್ತದೆ, ಸವೆಯುತ್ತಲೇ ಹೋಗುತ್ತದೆ. ತುಂಬಾ ಸಡಿಲ ಇದ್ದರೆ ಎಳೆದರೂ ತಿರುಗುವುದಿಲ್ಲ. ಇದನ್ನು ಅಡ್ಜಸ್ಟ್ ಮಾಡಿಯೂ ಸರಿ ಹೋಗದಿದ್ದರೆ ಗೇರ್‌ಬಾಕ್ಸ್ ಬಿಚ್ಚುವ ಕೆಲಸ. ಅದು ಗದ್ದೆಯಲ್ಲಿ ಮಾಡುವುದಲ್ಲ, ಶೆಡ್ಡಿಗೆ ತನ್ನಿ.

ಎರಡೂ ಬದಿಗೆ ದಮ್ಮಿಲ್ಲ

ಪಾರ್ಕಿಂಗ್ ಬ್ರೇಕ್ ಬಿಟ್ಟಿದ್ದೀರಾ ಅಂತ ಮೊದಲು ನೋಡಿ. ಆಮೇಲೆ ಎಚ್‌ಎಸ್‌ಟಿ ಬೆಲ್ಟ್. ಸುಟ್ಟ ರಬ್ಬರ್ ವಾಸನೆ, ಗಾರ್ಡ್ ಒಳಗೆ ಕಪ್ಪು ಪುಡಿ, ಬೆಲ್ಟಿನ ಪಕ್ಕ ಕನ್ನಡಿ ಹಾಗೆ ಹೊಳೆಯುವುದು, ಇವೆಲ್ಲಾ ಜಾರುತ್ತಿದೆ ಅನ್ನುವ ಗುರುತು. ಟೆನ್ಷನ್ ಪುಲ್ಲಿ ಸುತ್ತ ಹುಲ್ಲು ಸುತ್ತಿಕೊಂಡು ಅದು ಸರಿಯಾಗಿ ಒತ್ತುತ್ತಿಲ್ಲದಿರಬಹುದು, ಸ್ಪ್ರಿಂಗ್ ಸೋತಿರಬಹುದು. ಬೆಲ್ಟ್ ಮೇಲೆ ಎಣ್ಣೆ ಬಿದ್ದಿದ್ದರೆ ಎಣ್ಣೆ ಎಲ್ಲಿಂದ ಬರುತ್ತಿದೆ ಅಂತ ಸರಿ ಮಾಡದೆ ಹೊಸ ಬೆಲ್ಟ್ ಹಾಕಿದರೆ ಸುಮ್ನೆ ವೇಸ್ಟ್.

ಬೆಳಿಗ್ಗೆ ಚೆನ್ನಾಗಿ ಓಡಿ ಮಧ್ಯಾಹ್ನ ಸೋಲುತ್ತಿದ್ದರೆ ಎಣ್ಣೆ ಕಡೆ ನೋಡಿ. ಕಾದ ಎಣ್ಣೆ ತೆಳುವಾಗುತ್ತದೆ, ಒತ್ತಡ ನಿಲ್ಲುವುದಿಲ್ಲ. ಏಪ್ರಿಲ್, ಮೇ ಬಿಸಿಲಲ್ಲಿ ರೇಡಿಯೇಟರ್ ಜಾಲರಿಗೆ, ಆಯಿಲ್ ಕೂಲರ್‌ಗೆ ಭತ್ತದ ಧೂಳು, ಹೊಟ್ಟು ಕಟ್ಟಿಕೊಂಡರೆ ಕಾಯದೆ ಏನು ಮಾಡುತ್ತದೆ? ಅದನ್ನು ದಿನಕ್ಕೆ ಒಂದು ಸಲ ಅಲ್ಲ, ಊಟಕ್ಕೆ, ಟೀಗೆ ನಿಲ್ಲಿಸಿದಾಗಲೆಲ್ಲಾ ತೆಗೆಯಬೇಕು. ಎಣ್ಣೆ ಮಟ್ಟ, ಫಿಲ್ಟರ್ ನೋಡಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಆ ಎಣ್ಣೆಯಲ್ಲಿ ಓಡಿಸಬೇಡಿ. ಬದಲಿಸುವಾಗ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ, ಅಂಗಡಿಯಲ್ಲಿ ಸಿಕ್ಕ ಯಾವುದೋ ಹೈಡ್ರಾಲಿಕ್ ಎಣ್ಣೆಯನ್ನು ಹಳೆಯದಕ್ಕೆ ಬೆರೆಸಬೇಡಿ. ಎಚ್‌ಎಸ್‌ಟಿ ಒಳಗಿನ ಭಾಗಗಳು ತುಂಬಾ ನಯ, ಕಸ ಹೋದರೆ ಗೀರು ಬಿದ್ದು ಆಮೇಲೆ ಒತ್ತಡ ನಿಲ್ಲುವುದೇ ಇಲ್ಲ. ಬೆಲ್ಟ್, ಎಣ್ಣೆ, ಫಿಲ್ಟರ್, ಕೂಲರ್, ಲಿವರ್ ರಾಡ್ ಐದೂ ಸರಿ ಇದ್ದು ದಮ್ಮಿಲ್ಲದಿದ್ದರೆ ಮಾತ್ರ ಪಂಪ್ ಮೇಲೆ ಅನುಮಾನ ಪಡಿ, ಅದನ್ನೂ ಒತ್ತಡ ಅಳೆಯುವ ಗೇಜ್ ಇರುವವರ ಹತ್ತಿರವೇ ನೋಡಿಸಿ.

ಲಿವರ್ ನ್ಯೂಟ್ರಲ್‌ನಲ್ಲಿ ಇದ್ದರೂ ಮಿಷನ್ ತೆವಳುತ್ತಿದ್ದರೆ ಅದು ರಾಡ್ ಅಡ್ಜಸ್ಟ್‌ಮೆಂಟ್. ಚಿಕ್ಕ ಕೆಲಸ, ಆದರೆ ಮುಂದೆ ನಿಂತವರ ಜೀವದ ಪ್ರಶ್ನೆ. ಅದೇ ದಿನ ಮಾಡಿಸಿ.

ಸ್ಪ್ರಾಕೆಟ್ ಹತ್ತಿರ ಎಣ್ಣೆ

ಸ್ಪ್ರಾಕೆಟ್‌ಗೂ ಕೇಸಿಗೂ ನಡುವೆ ಹುಲ್ಲು, ಪ್ಲಾಸ್ಟಿಕ್ ದಾರ, ಬೇಲಿ ತಂತಿ ಸುತ್ತಿಕೊಂಡು ಸೀಲ್ ಕೊರೆಯುತ್ತದೆ. ಮೊದಲು ಹಬ್ ಸುತ್ತ ಧೂಳು ಒದ್ದೆಯಾಗಿ ಅಂಟಿಕೊಂಡಿರುವುದು ಕಾಣುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ. ಒಳಗಿನ ಎಣ್ಣೆ ಹೊರಗೆ ಬರುವ ದಾರಿಯಲ್ಲೇ ಕೆಸರು ನೀರು ಒಳಗೆ ಹೋಗುತ್ತದೆ. ಸೀಲ್ ಕಡಿಮೆ ದುಡ್ಡಿನದು, ಬೇರಿಂಗ್ ಮತ್ತು ಗೇರ್ ಅಲ್ಲ. ಹಾಗಾಗಿ ಒದ್ದೆ ಕಂಡಾಗಲೇ ಸೀಲ್ ಬದಲಿಸಿ. ಮಳೆಗಾಲದ ಬೆಳೆಯ ಕೊಯ್ಲು, ಅಂದರೆ ನವೆಂಬರ್ ಡಿಸೆಂಬರ್‌ನಲ್ಲಿ ಹುಲ್ಲು ಹಸಿ ಇರುವಾಗ ಇದು ಇನ್ನೂ ಜಾಸ್ತಿ ಸುತ್ತುತ್ತದೆ, ಚಾಕು ಅಥವಾ ಕುಡುಗೋಲು ಒಂದು ಸೀಟಿನ ಹಿಂದೆ ಇರಲಿ.

ಹೂತು ಹೋದರೆ

ಟ್ರ್ಯಾಕ್ ತಿರುಗಿ ಮಿಷನ್ ಹೋಗದಿದ್ದರೆ ಕೂಡಲೇ ನಿಲ್ಲಿಸಿ. ಹಿಂದೆ ಮುಂದೆ ಮಾಡಿದಷ್ಟೂ ಟ್ರ್ಯಾಕ್ ಗುಂಡಿ ತೋಡಿಕೊಂಡು ಹೊಟ್ಟೆ ಕೆಸರಿಗೆ ಕೂರುತ್ತದೆ. ಭತ್ತ ಇಳಿಸಿ ಹಗುರ ಮಾಡಿ. ಟ್ರ್ಯಾಕ್ ಮುಂದಿನ ಮಣ್ಣು ಸನಿಕೆಯಿಂದ ಇಳಿಜಾರಾಗಿ ತೆಗೆದು ಅಡಿಕೆ ದಬ್ಬೆ, ಹಲಗೆ ಅಥವಾ ಹುಲ್ಲಿನ ಹೊರೆ ಕೊಡಿ, ನಿಧಾನ ಗೇರಿನಲ್ಲಿ, ತಿರುಗಿಸದೆ ನೇರ ಹೊರಗೆ ಬನ್ನಿ. ಟ್ರ್ಯಾಕ್ಟರ್‌ನಿಂದ ಎಳೆಸುವುದಾದರೆ ಎಳೆಯಲು ಕೊಟ್ಟ ಕೊಕ್ಕೆಗೇ ಹಗ್ಗ ಕಟ್ಟಿ, ಟ್ರ್ಯಾಕ್ ಫ್ರೇಮಿಗೆ ಕಟ್ಟಿ ಅಡ್ಡಡ್ಡ ಎಳೆದರೆ ಅಲೈನ್‌ಮೆಂಟ್ ಹೋಗುತ್ತದೆ. ಸ್ಟೀಲ್ ರೋಪ್ ತುಂಡಾದರೆ ಚಾಟಿ ಬೀಸಿದಂತೆ ಬರುತ್ತದೆ, ನೋಡಲು ಬಂದ ಹುಡುಗರನ್ನೆಲ್ಲಾ ದೂರ ಕಳಿಸಿ.

ದಿನದ ಕೊನೆಗೆ, ಸೀಸನ್ ಕೊನೆಗೆ

ಎರೆ ಮಣ್ಣು ರಾತ್ರಿ ಒಣಗಿದರೆ ಬೆಳಿಗ್ಗೆ ಕಲ್ಲು. ರೋಲರ್ ತಿರುಗದೆ ಮೊದಲ ಎಳೆತಕ್ಕೇ ಬೆಲ್ಟ್ ಜಾರುತ್ತದೆ, ಹಲ್ಲು ಹಾರುತ್ತದೆ. ಸಂಜೆ ಎಷ್ಟೇ ಸುಸ್ತಾಗಿದ್ದರೂ ಹಸಿ ಇರುವಾಗಲೇ ಸಲಾಕೆಯಿಂದ ಕೆರೆದು ತೆಗೆಯಿರಿ. ವಾಟರ್ ಸರ್ವಿಸ್ ಮಾಡಿಸುವಾಗ ಜೋರು ನೀರನ್ನು ಸೀಲ್ ಮೇಲೆ ನೇರ ಹೊಡೆಸಬೇಡಿ, ಆಮೇಲೆ ಗ್ರೀಸ್ ಪಾಯಿಂಟ್‌ಗಳಿಗೆಲ್ಲಾ ಗ್ರೀಸ್ ಹೊಡೆಯಿರಿ. ಊರಿಂದ ಊರಿಗೆ ಹೋಗಲು ಲಾರಿ ಅಥವಾ ಟ್ರೈಲರ್ ಬಳಸಿ. ಕಾದ ಟಾರ್ ರೋಡ್, ಚಾನಲ್ ಏರಿ ಮೇಲಿನ ಜಲ್ಲಿ ಎರಡೂ ರಬ್ಬರ್ ತಿನ್ನುತ್ತವೆ. ಹಲಗೆ ಮೇಲೆ ಹತ್ತಿಸುವಾಗ ತಿರುಗಿಸುವ ಲಿವರ್ ಮುಟ್ಟಬೇಡಿ, ನೇರ ಇಲ್ಲದಿದ್ದರೆ ಕೆಳಗೆ ಇಳಿಸಿ ಮತ್ತೆ ನೇರ ಮಾಡಿಕೊಳ್ಳಿ.

ಟ್ರ್ಯಾಕಿನಲ್ಲಿ ಸಣ್ಣ ಬಿರುಕಿಗೆ ಹೆದರಬೇಕಿಲ್ಲ. ಒಳಗಿನ ಸ್ಟೀಲ್ ತಂತಿ ಕಾಣುವಷ್ಟು ಸೀಳಿದ್ದರೆ ನೀರು ಹೋಗಿ ತುಕ್ಕು ಹಿಡಿದು ಮುಂದಿನ ಸೀಸನ್ ಮಧ್ಯದಲ್ಲಿ ತುಂಡಾಗುತ್ತದೆ, ಅಂಥದ್ದನ್ನು ಈಗಲೇ ಬದಲಿಸುವ ಯೋಚನೆ ಮಾಡಿ. ಕೊಯ್ಲು ಮುಗಿದ ಮೇಲೆ ತೊಳೆದು, ಪೂರ್ತಿ ಒಣಗಿಸಿ, ನೆರಳಿನಲ್ಲಿ ದಿಮ್ಮಿ ಮೇಲೆ ನಿಲ್ಲಿಸಿ. ಟ್ರ್ಯಾಕ್ ಸ್ವಲ್ಪ ಸಡಿಲಿಸಿಡಿ, ಡೀಸೆಲ್ ಎಣ್ಣೆ ರಬ್ಬರ್ ಮೇಲೆ ಬೀಳದಂತೆ ನೋಡಿಕೊಳ್ಳಿ. ಡ್ರಮ್, ಟ್ಯಾಂಕ್ ಮೂಲೆಯ ಭತ್ತ ಪೂರ್ತಿ ಗುಡಿಸಿ ತೆಗೆಯದಿದ್ದರೆ ಇಲಿ ಬಂದು ವೈರ್, ಬೆಲ್ಟ್ ಕಡಿಯುತ್ತವೆ. ತಿಂಗಳಿಗೊಮ್ಮೆ ದಿಮ್ಮಿಯಿಂದ ಇಳಿಸಿ, ಸ್ಟಾರ್ಟ್ ಮಾಡಿ ಸ್ವಲ್ಪ ಹಿಂದೆ ಮುಂದೆ ಓಡಿಸಿ, ಎಚ್‌ಎಸ್‌ಟಿ ಎಣ್ಣೆ ಒಳಗೆಲ್ಲಾ ಹರಿಯಲಿ, ರೋಲರ್ ಒಂದೇ ಜಾಗದಲ್ಲಿ ಹಿಡಿದುಕೊಳ್ಳದಿರಲಿ.